ಟೇಬಲ್ ಗೆರೆ ಕ್ರೋಮ್‌ನಲ್ಲಿ ಒಂದು ಥರ, ಫೈರ್‌ಫಾಕ್ಸ್‌ನಲ್ಲಿ ಇನ್ನೊಂದು ಥರ, ಪ್ರಿಂಟ್‌ನಲ್ಲಿ ಗೆರೆಯೇ ಇಲ್ಲ

ತೊಗರಿಹೊಲ (ಕಲಬುರಗಿ), ಶನಿವಾರ ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಅವರದ್ದು ಇಲ್ಲಿ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ಅಡತ್ ಅಂಗಡಿ, ಅಂದರೆ ದಲ್ಲಾಳಿ ಅಂಗಡಿ. ನಾನು ಡಿಗ್ರಿಯಲ್ಲಿ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಸ್ವಲ್ಪ ಕಲಿತಿದ್ದೆ ಅಂತ ಅಂಗಡಿಯ ವೆಬ್ ಪುಟವನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಮೊದಲು ಮಾಡಿಕೊಟ್ಟವರು ಈಗ ಫೋನ್ ಎತ್ತುವುದಿಲ್ಲ.

ಪುಟದಲ್ಲಿ ಎರಡು ಟೇಬಲ್ ಇವೆ. ಒಂದು ದಿನದ ದರದ್ದು: ತೊಗರಿ, ಕಡಲೆ, ಹೆಸರು, ಉದ್ದು, ಬಿಳಿಜೋಳ, ಅದರ ಮುಂದೆ ಆವಕ (ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಿದ ದರ). ಇನ್ನೊಂದು ರೈತರಿಗೆ ಪ್ರಿಂಟ್ ತೆಗೆದು ಕೊಡುವ ಪಟ್ಟಿ: ಚೀಲ, ತೂಕ, ದರ, ಹಮಾಲಿ, ಒಟ್ಟು.

ನನ್ನ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ದರದ ಟೇಬಲ್ ಚೆಂದ ಕಾಣುತ್ತದೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ಫೈರ್‌ಫಾಕ್ಸ್ ಇದೆ. ಅಲ್ಲಿ ಹಳದಿ ಬಣ್ಣದ ಖಾನೆಯ ಸುತ್ತ ಗೆರೆಗಳು ಅಲ್ಲಲ್ಲಿ ಮಾಯ. ಬೇರೆ ಕೆಲವು ಗೆರೆ ದಪ್ಪ, ಕೆಲವು ತೆಳು. ಮೊಬೈಲ್‌ನಲ್ಲಿ ಕೆಳಗೆ ಸರಿಸಿದರೆ ಹೆಡಿಂಗ್ ಮೇಲೇ ನಿಲ್ಲುತ್ತದೆ, ಆದರೆ ಅದರ ಗೆರೆ ಮಾತ್ರ ಓಡಿಹೋಗುತ್ತದೆ. ಪಟ್ಟಿಯದ್ದಂತೂ ಪರದೆ ಮೇಲೆ ಎಲ್ಲ ಗೆರೆ ಇವೆ, ಪ್ರಿಂಟ್ ತೆಗೆದರೆ ಒಂದೂ ಇಲ್ಲ. ನಿನ್ನೆ ಒಬ್ಬ ರೈತರು ಪಟ್ಟಿ ಹಿಡಿದುಕೊಂಡು, ಇದರಲ್ಲಿ ಹಮಾಲಿ ಯಾವುದು, ತೂಕ ಯಾವುದು ತಮ್ಮಾ ಅಂತ ಕೇಳಿದರು. ಕಾಕಾ ನನ್ನ ಮುಖ ನೋಡಿದರು.

ಫೋನ್‌ನಿಂದ ಬರೆಯುತ್ತಿದ್ದೇನೆ, ಕೀಬೋರ್ಡ್ ಕನ್ನಡದ್ದು. ಕೋಡನ್ನೂ ಕನ್ನಡದಲ್ಲೇ ಹೇಳುತ್ತೇನೆ.

ಶಹಾಬಾದ್‌ಕಲ್ಲು (ವಾಡಿ), 10:20

ಎಕ್ಸೆಲ್‌ನಲ್ಲಿ ಮಾಡಿ ಪಿಡಿಎಫ್ ಕಳಿಸಿ. ಕೆಲಸ ಮುಗೀತು.

ತೊಗರಿಹೊಲ, 10:31

ಕಾಕಾ ದಿನಾ ಮೂರು ಸಲ ದರ ತಿದ್ದುತ್ತಾರೆ ರೀ. ಮೂರು ಪಿಡಿಎಫ್ ಕಳಿಸಿದರೆ ಹಳ್ಳಿಯವರು ಬೆಳಗಿನದ್ದನ್ನೇ ನೋಡಿಕೊಂಡು ಚೀಲ ತುಂಬಿಸಿಕೊಂಡು ಬರುತ್ತಾರೆ. ಆಮೇಲೆ ಜಗಳ.

ಬಿದ್ರಿಕುಸುರಿ (ಬೀದರ್), 10:48

ಇದು ಒಂದು ರೋಗ ಅಲ್ಲ, ಮೂರು ನಾಲ್ಕು ರೋಗ ಒಟ್ಟಿಗೆ ಬಂದಿವೆ. ಒಂದೊಂದಾಗಿ ನೋಡೋಣ. ಮೊದಲು ಇಷ್ಟು ಹೇಳಿ. ಪುಟದ ಮೊದಲ ಸಾಲಿನಲ್ಲಿ ಡಾಕ್‌ಟೈಪ್ (ಪುಟ ಯಾವ ಪದ್ಧತಿಯದ್ದು ಅಂತ ಬ್ರೌಸರ್‌ಗೆ ಹೇಳುವ ಸಾಲು) ಇದೆಯಾ? ಬಾರ್ಡರ್, ಅಂದರೆ ಗೆರೆ, ಕೊಟ್ಟಿದ್ದು ಯಾವುದಕ್ಕೆ, ಟೇಬಲ್‌ಗಾ, ಟಿಆರ್‌ಗಾ (ಸಾಲು), ಟಿಡಿಗಾ (ಖಾನೆ)? ಬಾರ್ಡರ್-ಕೊಲ್ಯಾಪ್ಸ್ ಏನಿದೆ? ಅಂಗಡಿಯ ಕಂಪ್ಯೂಟರ್‌ನಲ್ಲಿ ಜೂಮ್ ಎಷ್ಟಿದೆ?

ಜೂಮ್ ಕೇಳಿದ್ದಕ್ಕೆ ನಗಬೇಡಿ. ಅರ್ಧ ದೂರು ಅಲ್ಲೇ ಮುಗಿಯುತ್ತವೆ.

ತೊಗರಿಹೊಲ, 11:25

ಅಂಗಡಿಗೆ ಹೋಗಿ ನೋಡಿ ಬಂದೆ ಅಕ್ಕಾ. ಜೂಮ್ 90 ಇದೆ. ಎಲ್ಲ ಕಾಲಂ ಒಂದೇ ಸಲ ಕಾಣಲಿ ಅಂತ ಕಾಕಾ ಇಟ್ಟಿದ್ದಾರಂತೆ. ಡಾಕ್‌ಟೈಪ್ ಇಲ್ಲ. ದರದ ಟೇಬಲ್‌ಗೆ ಬಾರ್ಡರ್-ಕೊಲ್ಯಾಪ್ಸ್: ಕೊಲ್ಯಾಪ್ಸ್ ಅಂತಿದೆ, ಟಿಡಿಗೆ 1 ಪಿಕ್ಸೆಲ್ ಸಾಲಿಡ್ (ಮುರಿಯದ ಗೆರೆ). ಹಳದಿ ಖಾನೆಗೆ ಪೊಸಿಷನ್: ರಿಲೇಟಿವ್ ಅಂತ ಒಂದಿದೆ, ಅದು ಯಾಕೋ ಗೊತ್ತಿಲ್ಲ. ಖಾನೆಯ ಮೂಲೆಯಲ್ಲಿ ದರ ಏರಿದ್ದಕ್ಕೆ ಒಂದು ಸಣ್ಣ ಬಾಣ ಬರುತ್ತದೆ, ಅದಕ್ಕಿರಬೇಕು.

ಪಟ್ಟಿಯ ಟೇಬಲ್‌ನಲ್ಲಿ ಬಾರ್ಡರ್ ಅನ್ನುವ ಪದವೇ ಇಲ್ಲ. ಆದರೂ ಪರದೆ ಮೇಲೆ ಗೆರೆ ಕಾಣುತ್ತವೆ! ಇದೇನು ಮಾಟವೋ.

ಹಳೇಗುಲ್ಬರ್ಗ (ಕಲಬುರಗಿ), 12:02

ಮಾಟ ಅಲ್ಲ ತಮ್ಮಾ, ಹಳೆಯ ಕಸುಬು. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಕೊಲ್ಯಾಪ್ಸ್ ಅಂದರೆ ಏನು ಅಂತ ತಿಳ್ಕೊಳ್ಳಿ. ಗಂಜ್‌ನವರು ನೀವು, ಹೊಲದ ಲೆಕ್ಕದಲ್ಲೇ ಹೇಳುತ್ತೇನೆ.

ಟೇಬಲ್‌ನ ಒಂದೊಂದು ಖಾನೆಯೂ ಒಂದು ಹೊಲ, ಬಾರ್ಡರ್ ಅಂದರೆ ಬದು. ಸೆಪರೇಟ್ ಅಂದರೆ ಪ್ರತಿ ಹೊಲಕ್ಕೂ ತನ್ನದೇ ಬದು, ಎರಡು ಬದುಗಳ ನಡುವೆ ಬಂಡಿದಾರಿ. ನಾವು ಏನೂ ಹೇಳದಿದ್ದರೆ ಬ್ರೌಸರ್ ತಾನೇ 2 ಪಿಕ್ಸೆಲ್ ದಾರಿ ಬಿಡುತ್ತದೆ. ಅದಕ್ಕೇ ಬರೀ ಬಾರ್ಡರ್ ಕೊಟ್ಟಾಗ ಜೋಡಿಗೆರೆ ಕಾಣುವುದು. ದಾರಿಯನ್ನು ಸೊನ್ನೆ ಮಾಡಿದರೆ ಎರಡು ಬದು ಅಂಟಿಕೊಂಡು ದಪ್ಪ ಗೆರೆ ಆಗುತ್ತದೆ.

ಕೊಲ್ಯಾಪ್ಸ್ ಅಂದರೆ ಇಬ್ಬರಿಗೂ ಸೇರಿ ಒಂದೇ ಬದು. ಆಗ ಆ ಬದು ಯಾರದ್ದು ಅಂತ ತಂಟೆ ಶುರು. ತೀರ್ಪಿನ ಕ್ರಮ ಸಿಎಸ್‌ಎಸ್‌ನಲ್ಲೇ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಭಾಷೆ) ಬರೆದಿದೆ. ಯಾರಾದರೂ ಒಬ್ಬರು ಹಿಡನ್ ಅಂದರೆ ಅಲ್ಲಿ ಬದುವೇ ಇಲ್ಲ, ಸರ್ವೆಯವರು ಬಂದು ಅಳಿಸಿದ ಹಾಗೆ. ಇಲ್ಲದಿದ್ದರೆ ಅಗಲ ಜಾಸ್ತಿ ಇದ್ದದ್ದು ಗೆಲ್ಲುತ್ತದೆ. ಅಗಲವೂ ಒಂದೇ ಆದರೆ ಶೈಲಿ ನೋಡುತ್ತಾರೆ: ಡಬಲ್, ಆಮೇಲೆ ಸಾಲಿಡ್, ಡ್ಯಾಶ್ಡ್, ಡಾಟೆಡ್, ಹೀಗೆ ಇಳಿಯುತ್ತಾ ಕೊನೆಗೆ ಇನ್‌ಸೆಟ್. ಅದೂ ಒಂದೇ ಆಗಿ ಬಣ್ಣ ಮಾತ್ರ ಬೇರೆ ಇದ್ದರೆ ಉಳುವವನೇ ಹೊಲದೊಡೆಯ. ಖಾನೆಯ ಮಾತು ಸಾಲಿನ ಮಾತಿಗಿಂತ ಮೇಲು, ಸಾಲಿನದ್ದು ಕಾಲಂಗಿಂತ ಮೇಲು, ಟೇಬಲ್ ಪಾಪ ಎಲ್ಲರಿಗಿಂತ ಕೊನೆ. ಎರಡು ಖಾನೆಗಳೇ ಕಿತ್ತಾಡಿದರೆ ಎಡಗಡೆಯದ್ದು, ಮೇಲುಗಡೆಯದ್ದು ಗೆಲ್ಲುತ್ತದೆ.

ಮುಖ್ಯ ಮಾತು ಇದು. ಕೊಲ್ಯಾಪ್ಸ್‌ನಲ್ಲಿ ಗೆರೆ ಖಾನೆಯ ಸ್ವಂತ ಆಸ್ತಿ ಅಲ್ಲ, ಇಡೀ ಟೇಬಲ್‌ನ ಜಂಟಿ ಖಾತೆ. ನಿಮ್ಮ ತೊಂದರೆಗಳಲ್ಲಿ ಎರಡು ಇಲ್ಲಿಂದಲೇ ಹುಟ್ಟಿವೆ.

ಬಿದ್ರಿಕುಸುರಿ, 12:30

ಸರ್ ಹೇಳಿದ ಜಂಟಿ ಖಾತೆಯನ್ನು ಹಿಡಿದುಕೊಂಡೇ ಹಳದಿ ಖಾನೆ ನೋಡೋಣ.

ಹಂಚಿಕೊಂಡ ಗೆರೆಯ ಅರ್ಧ ಭಾಗ ಈ ಖಾನೆಯ ಒಳಗಿದೆ, ಅರ್ಧ ಪಕ್ಕದ ಖಾನೆಯ ಒಳಗೆ. ಖಾನೆಗೆ ಪೊಸಿಷನ್: ರಿಲೇಟಿವ್ ಕೊಟ್ಟರೆ ಅದು ಬೇರೆ ಪದರವಾಗಿ ಮೇಲೆ ಬರುತ್ತದೆ. ಹಿನ್ನೆಲೆ ಬಣ್ಣ ಸುಮ್ನೆ ಬಿಟ್ಟರೆ ಬಾರ್ಡರ್‌ನ ಜಾಗದವರೆಗೂ ಹರಡುತ್ತದೆ. ಹೀಗಾಗಿ ಫೈರ್‌ಫಾಕ್ಸ್‌ನಲ್ಲಿ ಹಳದಿ ಬಣ್ಣ ಗೆರೆಯ ಮೇಲೆ ಬಳಿದುಹೋಗುತ್ತದೆ. ಕ್ರೋಮ್‌ನಲ್ಲಿ ಹೀಗೆ ಆಗುವುದಿಲ್ಲ. ಇದು ಫೈರ್‌ಫಾಕ್ಸ್‌ನ ಹಳೆಯ ಚಾಳಿ, ನಾನೂ ಒಮ್ಮೆ ಎರಡು ದಿನ ಕಳೆದಿದ್ದೇನೆ ಇದರ ಹಿಂದೆ.

ಔಷಧ ಒಂದು ಸಾಲು. ಆ ಖಾನೆಗೆ ಬ್ಯಾಕ್‌ಗ್ರೌಂಡ್-ಕ್ಲಿಪ್: ಪ್ಯಾಡಿಂಗ್-ಬಾಕ್ಸ್ ಅಂತ ಕೊಡಿ. ಬಣ್ಣ ಗೆರೆಯ ಒಳಗೇ ನಿಲ್ಲುತ್ತದೆ.

ಇನ್ನೊಂದು, ಗೆರೆಯ ಬಣ್ಣ ಆರ್‌ಜಿಬಿಎ ಥರ ಪಾರದರ್ಶಕ ಇದ್ದರೆ ಬದಲಿಸಿ ಗಟ್ಟಿ ಬಣ್ಣ ಕೊಡಿ. ಇಲ್ಲದಿದ್ದರೆ ಕೆಳಗಿನ ಹಳದಿ ಗೆರೆಯೊಳಗಿಂದ ಇಣುಕುತ್ತದೆ, ಒಂದೇ ಗೆರೆ ಎರಡು ಬಣ್ಣ ಕಾಣುತ್ತದೆ.

ತೊಗರಿಹೊಲ, 13:05

ಆಯ್ತು!! ಹಳದಿ ಖಾನೆ ಸರಿಹೋಯಿತು. ಒಂದೇ ಸಾಲಿಗೆ ಇಷ್ಟು ದಿನ ಒದ್ದಾಡಿದೆನಲ್ಲಾ. ಊಟ ಮಾಡಿ ಬರುತ್ತೇನೆ, ಈ ಬಿಸಿಲಿನಲ್ಲಿ ಅಂಗಡಿ ಮನೆ ಅಂತ ನಾಲ್ಕು ಸಲ ತಿರುಗಿದ್ದೇನೆ.

ಸುರಪುರ ಝೆರಾಕ್ಸ್ (ಯಾದಗಿರಿ ಜಿಲ್ಲೆ), 14:40

ಪಟ್ಟಿಯ ವಿಷಯ ನನಗೆ ಬಿಡಿ. ನನ್ನ ಅಂಗಡಿಯಲ್ಲಿ ದಿನಕ್ಕೆ ನಾಲ್ಕು ಜನ ಇದೇ ದೂರು ತರುತ್ತಾರೆ, ಅಣ್ಣಾ ನಿನ್ನ ಪ್ರಿಂಟರ್ ಗೆರೆ ತಿಂತದ ಅಂತ. ಪ್ರಿಂಟರ್ ಏನೂ ತಿನ್ನುವುದಿಲ್ಲ.

ಬಾರ್ಡರ್ ಪದವೇ ಇಲ್ಲ, ಆದರೂ ಗೆರೆ ಇದೆ ಅಂದರೆ ಒಂದೇ ಅರ್ಥ. ಟೇಬಲ್‌ನ ಹಿನ್ನೆಲೆ ಕಪ್ಪು, ಖಾನೆಗಳ ಹಿನ್ನೆಲೆ ಬಿಳಿ, ನಡುವೆ ಸೆಲ್‌ಸ್ಪೇಸಿಂಗ್ 1. ಖಾನೆಗಳ ಸಂದಿಯಲ್ಲಿ ಕೆಳಗಿನ ಕಪ್ಪು ಇಣುಕುವುದೇ ನೀವು ನೋಡುವ ಗೆರೆ. ಶಹಾಬಾದ್ ಕಲ್ಲು ಹಾಸುವಾಗ ಸಂದಿಗೆ ಸಿಮೆಂಟು ತುಂಬುತ್ತಾರಲ್ಲ, ಹಾಗೆ.

ಬ್ರೌಸರ್‌ಗಳು ಪ್ರಿಂಟ್ ಕೊಡುವಾಗ ಹಿನ್ನೆಲೆ ಬಣ್ಣ ಬಿಟ್ಟುಬಿಡುತ್ತವೆ, ಮಸಿ ಉಳಿಯಲಿ ಅಂತ. ಹಿನ್ನೆಲೆ ಹೋದರೆ ನಿಮ್ಮ ಗೆರೆಯೂ ಹೋಯಿತು. ಈಗಲೇ ಬೇಕಿದ್ದರೆ ಕ್ರೋಮ್‌ನ ಪ್ರಿಂಟ್ ಕಿಟಕಿಯಲ್ಲಿ ಇನ್ನಷ್ಟು ಸೆಟ್ಟಿಂಗ್ಸ್ ತೆರೆದು ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್ ಅನ್ನುವುದಕ್ಕೆ ಟಿಕ್ ಹಾಕಿ. ಫೈರ್‌ಫಾಕ್ಸ್‌ನಲ್ಲೂ ಅಂಥದ್ದೇ ಒಂದು ಟಿಕ್ ಇದೆ. ಆದರೆ ದಿನಾ ಯಾರು ಟಿಕ್ ಹಾಕುತ್ತಾರೆ? ಬೇರು ಕಿತ್ತು ನಿಜವಾದ ಬಾರ್ಡರ್ ಹಾಕಿ. ಬಾರ್ಡರ್ ಹಿನ್ನೆಲೆ ಅಲ್ಲ, ಅದು ಪ್ರಿಂಟ್ ಆಗೇ ಆಗುತ್ತದೆ.

ಪ್ರಿಂಟ್‌ಗೆ ಬೂದು ಬಣ್ಣ ಕೊಡಬೇಡಿ. ಲೇಸರ್ ಪ್ರಿಂಟರ್ ಬೂದು ಬಣ್ಣವನ್ನು ಚುಕ್ಕಿ ಚುಕ್ಕಿಯಾಗಿ ಹಾಕುತ್ತದೆ, ಸಾಲಿಡ್ ಗೆರೆಯೂ ಡಾಟೆಡ್ ಥರ ಕಾಣುತ್ತದೆ. ಮೀಡಿಯಾ ಪ್ರಿಂಟ್ (ಪ್ರಿಂಟ್‌ಗೆ ಮಾತ್ರ ನಡೆಯುವ ಸಿಎಸ್‌ಎಸ್ ಭಾಗ) ಒಳಗೆ 1 ಪಾಯಿಂಟ್ ಸಾಲಿಡ್ ಕಪ್ಪು ಅಂತ ಬರೆಯಿರಿ. ಪರದೆಯ 1 ಪಿಕ್ಸೆಲ್ ಅಂದರೆ 0.75 ಪಾಯಿಂಟ್, ಕಾರ್ಬನ್ ಇಟ್ಟು ಹೊಡೆಯುವ ಹಳೇ ಪ್ರಿಂಟರ್‌ಗೆ ಅದು ತೀರಾ ತೆಳು.

ಹಳೇಗುಲ್ಬರ್ಗ, 15:10

ಸುರಪುರದವರು ಸರಿಯಾಗಿ ಹಿಡಿದರು. ಆ ಸಂದಿಯ ಉಪಾಯ ನಮ್ಮ ಕಾಲದ್ದು. ಆಗ ಅದು ಜಾಣತನವೇ ಆಗಿತ್ತು, ಯಾಕೆ ಅಂದರೆ ಬ್ರೌಸರ್‌ಗಳ ಪಾಡು ಹಾಗಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಮತ್ತು 7ಕ್ಕೆ ಬಾರ್ಡರ್-ಸ್ಪೇಸಿಂಗ್ (ನಾನು ಹೇಳಿದ ಬಂಡಿದಾರಿಯ ಅಗಲ) ಗೊತ್ತೇ ಇರಲಿಲ್ಲ, ಅದು ಬಂದದ್ದು 2009ರ 8ನೇ ಆವೃತ್ತಿಯಲ್ಲಿ. ಖಾಲಿ ಖಾನೆಗೆ ಗೆರೆಯನ್ನೂ ಎಳೆಯುತ್ತಿರಲಿಲ್ಲ. ಆವಕ ಇಲ್ಲದ ದಿನ ಉದ್ದಿನ ಖಾನೆ ಖಾಲಿ ಬಿಟ್ಟರೆ ಅಲ್ಲಿ ಹಲ್ಲು ಬಿದ್ದ ಹಾಗೆ ಕಾಣೋದು. ಒಳಗೆ ಒಂದು ಎನ್‌ಬಿಎಸ್‌ಪಿ (ಕಣ್ಣಿಗೆ ಕಾಣದ ಖಾಲಿ ಅಕ್ಷರ) ತುರುಕಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆವು.

ಇನ್ನೊಂದು ತಮಾಷೆ. 1998ರ ಸಿಎಸ್‌ಎಸ್ 2ರಲ್ಲಿ ಏನೂ ಹೇಳದಿದ್ದರೆ ಕೊಲ್ಯಾಪ್ಸ್ ಅಂತ ಬರೆದಿದ್ದರು. ಆಮೇಲೆ 2.1ರಲ್ಲಿ ಅದನ್ನು ಸೆಪರೇಟ್ ಅಂತ ತಿದ್ದಿದರು. ನಿಯಮ ಬರೆದವರೇ ಮಾತು ಬದಲಿಸಿದ ಮೇಲೆ ಬ್ರೌಸರ್‌ಗಳನ್ನು ಏನು ಬೈಯೋದು? ಅದಕ್ಕೇ ನಾನು ಹೇಳುವುದು, ಬ್ರೌಸರ್ ಏನು ಊಹಿಸುತ್ತದೋ ಅಂತ ಕೂರಬೇಡಿ, ಎಲ್ಲವನ್ನೂ ಬಾಯಿಬಿಟ್ಟು ಹೇಳಿ.

ಐಡಿ ಯಾಕೆ ಹಳೇಗುಲ್ಬರ್ಗ ಅಂತ ಒಬ್ಬರು ಮೆಸೇಜಿನಲ್ಲಿ ಕೇಳಿದ್ದಾರೆ. ಊರು ಕಲಬುರಗಿ ಆದದ್ದು 2014ರಲ್ಲಿ, ಐಡಿ ಅದಕ್ಕಿಂತ ಮೊದಲಿನದ್ದು, ಅಷ್ಟೇ.

ಶಹಾಬಾದ್‌ಕಲ್ಲು, 15:22

ಈ ಕಾಲದಲ್ಲಿ ಟೇಬಲ್ ಯಾಕೆ? ಡಿವ್ (ಬರೀ ಪೆಟ್ಟಿಗೆ) ಹಾಕಿ, ಗ್ರಿಡ್ (ಸಾಲು ಕಾಲಂ ಜೋಡಣೆ) ಮಾಡಿ, ಗ್ಯಾಪ್ 1 ಪಿಕ್ಸೆಲ್ ಕೊಟ್ಟು ಹಿಂದೆ ಬಣ್ಣ ಇಡಿ. ಎಲ್ಲ ಬ್ರೌಸರ್‌ನಲ್ಲೂ ಒಂದೇ ಥರ.

ಸುರಪುರ ಝೆರಾಕ್ಸ್, 15:26

ಅಣ್ಣಾರೆ, ಈಗಷ್ಟೇ ಹೇಳಿದೆನಲ್ಲ! ಅದೇ ಸಂದಿ, ಅದೇ ಹಿನ್ನೆಲೆ. ಹೊಸ ಬಾಟಲಿ ಅಷ್ಟೇ. ಪ್ರಿಂಟ್ ತೆಗೆದು ನೋಡಿ.

ಕೇಳಿನೋಡುವವ (ಕಲಬುರಗಿ), 15:50

ಡಿವ್ ಬೇಡ ಅನ್ನಲು ನನ್ನದೂ ಒಂದು ಕಾರಣ ಇದೆ. ನನಗೆ ಕಣ್ಣು ಕಾಣುವುದಿಲ್ಲ, ಎನ್‌ವಿಡಿಎ (ಪರದೆ ಮೇಲಿನದ್ದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸುತ್ತೇನೆ. ನಿಜವಾದ ಟೇಬಲ್ ಇದ್ದರೆ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿ ಒತ್ತಿ ಖಾನೆಯಿಂದ ಖಾನೆಗೆ ಹೋಗುತ್ತೇನೆ. ಹೆಡಿಂಗ್ ಟಿಎಚ್‌ನಲ್ಲಿ (ಹೆಡಿಂಗ್‌ಗೆಂದೇ ಇರುವ ಖಾನೆ) ಇದ್ದರೆ ಬೇರೆ ಕಾಲಂಗೆ ದಾಟಿದಾಗ ಗರಿಷ್ಠ ಅಂತ ಹೇಳಿ ಆಮೇಲೆ ಅಂಕಿ ಓದುತ್ತದೆ. ಬರೀ ಡಿವ್ ರಾಶಿ ಹಾಕಿದರೆ ಅಂಕಿಗಳನ್ನು ಒಂದರ ಹಿಂದೆ ಒಂದು ಓದುತ್ತದೆ. ಯಾವುದು ತೊಗರಿಯದ್ದು, ಯಾವುದು ಕಡಲೆಯದ್ದು ಅಂತ ಬೆರಳು ಮಡಚಿ ಎಣಿಸಬೇಕು. ನಮ್ಮ ಮನೆಯಲ್ಲೂ ತೊಗರಿ ಬೆಳೆಯುತ್ತೇವೆ ಸರ್, ದರ ನನಗೂ ಬೇಕು.

ಶಹಾಬಾದ್‌ಕಲ್ಲು, 16:01

ಇದು ನನಗೆ ಗೊತ್ತಿರಲಿಲ್ಲ. ಡಿವ್ ಮಾತು ವಾಪಸ್.

ತೊಗರಿಹೊಲ, 17:15

ಪಟ್ಟಿಯಲ್ಲಿ ಕಪ್ಪು ಹಿನ್ನೆಲೆ ಇದ್ದದ್ದು ನಿಜ! ತೆಗೆದೆ. ಸೆಲ್‌ಸ್ಪೇಸಿಂಗ್ ತೆಗೆದೆ. ಟಿಡಿಗೆ ಬಾರ್ಡರ್ ಕೊಟ್ಟೆ. ಡಾಕ್‌ಟೈಪ್‌ನೂ ಹಾಕಿದೆ. ಅದು ಹಾಕಿದ ತಕ್ಷಣ ಟೇಬಲ್‌ನ ಅಕ್ಷರದ ಗಾತ್ರ ಬದಲಾಯಿತು, ಗಾಬರಿ ಆದೆ.

ಇನ್ನೂ ಒಂದು ಹಳೇ ಟೇಬಲ್ ಸಿಕ್ಕಿತು, ವಾರದ ಲೆಕ್ಕದ್ದು. ಅಂಗಡಿಯ ಹಳೇ ಸಾಫ್ಟ್‌ವೇರ್‌ನಿಂದ ತಾನೇ ತಯಾರಾಗಿ ಬರುತ್ತದೆ. ಅದರಲ್ಲಿ ಬಾರ್ಡರ್=1, ರೂಲ್ಸ್=ಆಲ್ ಅಂತೆಲ್ಲ ಇತ್ತು. ಬಾರ್ಡರ್=1 ಅನ್ನುವುದು ಹಳೇ ಪದ್ಧತಿ ಅಂತ ಓದಿದ್ದೆ, ಅದನ್ನು ತೆಗೆದು ಟಿಡಿಗೆ ಸಿಎಸ್‌ಎಸ್‌ನಲ್ಲಿ ಗೆರೆ ಕೊಟ್ಟೆ. ಈಗ ಒಳಗಿನ ಗೆರೆ ಎಲ್ಲ ಇವೆ, ಹೊರಗಿನ ಸುತ್ತುಗೆರೆ ಇಲ್ಲ. ಕ್ರೋಮ್‌ನಲ್ಲೂ ಇಲ್ಲ, ಫೈರ್‌ಫಾಕ್ಸ್‌ನಲ್ಲೂ ಇಲ್ಲ.

ಬಿದ್ರಿಕುಸುರಿ, 17:40

ಕೊನೆಗೂ ಎರಡು ಬ್ರೌಸರ್ ಒಂದೇ ಮಾತು ಹೇಳಿದವು!

ಡಾಕ್‌ಟೈಪ್ ಇಲ್ಲದಿದ್ದರೆ ಬ್ರೌಸರ್ ಕ್ವಿರ್ಕ್ಸ್ ಮೋಡ್‌ಗೆ ಹೋಗುತ್ತದೆ. ಅಂದರೆ ಹಳೇ ಪುಟಗಳಿಗಾಗಿ ಹಳೇ ನಡವಳಿಕೆ. ಅಲ್ಲಿ ಪುಟದ ಅಕ್ಷರ ಗಾತ್ರ ಟೇಬಲ್ ಒಳಗೆ ಇಳಿಯುವುದಿಲ್ಲ. ಈಗ ಇಳಿಯುತ್ತಿದೆ, ಅದೇ ಸರಿ. ಗೆರೆಗೆ ಇದರ ನೇರ ಸಂಬಂಧ ಕಡಿಮೆ. ಆದರೆ ಇದು ಇಲ್ಲದೆ ಉಳಿದದ್ದನ್ನು ತಿದ್ದುವುದು ಓರೆ ಗೋಡೆಗೆ ಸುಣ್ಣ ಬಳಿದ ಹಾಗೆ.

ವಾರದ ಲೆಕ್ಕದ ಟೇಬಲ್ ಎಎಸ್‌ಪಿ ಡಾಟ್ ನೆಟ್‌ನ (ಮೈಕ್ರೋಸಾಫ್ಟ್‌ನ ವೆಬ್ ಸಾಧನ) ಗ್ರಿಡ್‌ವ್ಯೂ ಅನ್ನುವ ಟೇಬಲ್ ತಯಾರಕದ್ದು ಅನಿಸುತ್ತದೆ, ಅದು ಬಾರ್ಡರ್=1 ಮತ್ತು ರೂಲ್ಸ್=ಆಲ್ ಎರಡನ್ನೂ ಒಟ್ಟಿಗೆ ಬರೆಯುತ್ತದೆ. ರೂಲ್ಸ್ ಅನ್ನುವುದು ಗುಟ್ಟಾಗಿ ಎರಡು ಕೆಲಸ ಮಾಡುತ್ತದೆ. ಟೇಬಲ್‌ನ್ನು ಕೊಲ್ಯಾಪ್ಸ್ ಮಾಡುತ್ತದೆ, ಮತ್ತು ಟೇಬಲ್‌ನ ಸ್ವಂತ ಬಾರ್ಡರ್‌ಗೆ ಹಿಡನ್ ಶೈಲಿ ಕೊಡುತ್ತದೆ. ಬಾರ್ಡರ್=1 ಜೊತೆಗೆ ಇರುವವರೆಗೆ ಅದು ಆ ಹಿಡನ್‌ನ್ನು ತಳ್ಳಿಹಾಕಿ ಔಟ್‌ಸೆಟ್ (ಉಬ್ಬಿದ ಹಾಗೆ ಕಾಣುವ ಗೆರೆ) ಮಾಡುತ್ತಿತ್ತು. ನೀವು ಅದನ್ನು ತೆಗೆದಿರಿ, ಹಿಡನ್ ಎದ್ದು ಕೂತಿತು. ಹಳೇಗುಲ್ಬರ್ಗ ಸರ್ ಹೇಳಿದ ತೀರ್ಪು ನೆನಪಿದೆಯಲ್ಲ, ಹಿಡನ್ ಅಂದವನ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಟಿಡಿಗೆ 5 ಪಿಕ್ಸೆಲ್ ಕೊಟ್ಟರೂ ಹೊರಗಿನ ಅಂಚಿನಲ್ಲಿ ಅದೇ ಸೋಲುತ್ತದೆ.

ರೂಲ್ಸ್‌ನ್ನೂ ತೆಗೆದುಬಿಡಿ. ಸಾಫ್ಟ್‌ವೇರ್‌ನಿಂದ ತೆಗೆಯಲು ಆಗದಿದ್ದರೆ ಸಿಎಸ್‌ಎಸ್‌ನಲ್ಲಿ ಟೇಬಲ್‌ಗೇ ಬಾರ್ಡರ್: 1 ಪಿಕ್ಸೆಲ್ ಸಾಲಿಡ್ ಅಂತ ಬರೆಯಿರಿ. ಇಂಥ ಹಳೇ ಗುಣಗಳ ಮಾತಿಗಿಂತ ನಮ್ಮ ಸಿಎಸ್‌ಎಸ್ ಮಾತೇ ಮೇಲು.

ತೊಗರಿಹೊಲ, 18:20

ಬಂತು ಸುತ್ತುಗೆರೆ. ಅಕ್ಕಾ, ನಿಮಗೆ ಒಂದು ಕಿಲೋ ತೊಗರಿಬೇಳೆ ಬಾಕಿ.

ಉಳಿದದ್ದು ಮೊಬೈಲ್‌ನ ಹೆಡಿಂಗ್ ಮತ್ತು 90 ಜೂಮ್. ಟಿಎಚ್‌ಗೆ ಮೇಲೆ ಅಂಟಿ ನಿಲ್ಲಲಿ ಅಂತ ಪೊಸಿಷನ್: ಸ್ಟಿಕಿ, ಟಾಪ್: 0 ಇದೆ. ಮತ್ತೆ ಮೂಲೆಗಳು ದುಂಡಗೆ ಬೇಕು ಅಂತ ಕಾಕಾ ಅವರ ಮಗಳ ಆಸೆ. ಬಾರ್ಡರ್-ರೇಡಿಯಸ್ 8 ಪಿಕ್ಸೆಲ್ ಕೊಟ್ಟೆ, ಏನೂ ಆಗಲಿಲ್ಲ.

ಬಿದ್ರಿಕುಸುರಿ, 20:35

ಮೂರಕ್ಕೂ ಒಂದೇ ದಾರಿ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಕೊಲ್ಯಾಪ್ಸ್‌ನಲ್ಲಿ ಗೆರೆ ಟೇಬಲ್‌ನದ್ದು ಅಂತ ಆಯ್ತಲ್ಲ. ಹೆಡಿಂಗ್ ಖಾನೆ ಅಂಟಿಕೊಂಡು ಮೇಲೆ ನಿಂತರೂ ಗೆರೆ ಟೇಬಲ್ ಜೊತೆ ಸರಿದುಹೋಗುತ್ತದೆ. ಬಾರ್ಡರ್-ರೇಡಿಯಸ್ ಕೊಲ್ಯಾಪ್ಸ್ ಟೇಬಲ್‌ಗೆ ಅನ್ವಯ ಆಗುವುದೇ ಇಲ್ಲ. ಅದು ನಿಯಮದಲ್ಲೇ ಇದೆ, ಬ್ರೌಸರ್ ತಪ್ಪಲ್ಲ. ಆದ್ದರಿಂದ ಕೊಲ್ಯಾಪ್ಸ್ ಬಿಡಿ. ನಾನಂತೂ ಹೊಸ ಕೆಲಸದಲ್ಲಿ ಅದನ್ನು ಮುಟ್ಟುವುದೇ ಇಲ್ಲ.

ನಮ್ಮೂರಿನ ಬಿದ್ರಿ ಕೆಲಸದಲ್ಲಿ ಬೆಳ್ಳಿ ತಂತಿ ಕೂರಿಸುವುದನ್ನು ನೋಡಿದ್ದೀರಾ? ಮೊದಲು ಗೀರು ಕೊರೆಯುತ್ತಾರೆ, ಒಂದು ಗೀರಿಗೆ ಒಂದೇ ತಂತಿ. ಎರಡು ತಂತಿ ಒತ್ತಿದರೆ ಉಬ್ಬುತ್ತದೆ. ಟೇಬಲ್‌ಗೂ ಹಾಗೇ ಮಾಡಿ. ಒಂದು ಗೆರೆಯನ್ನು ಒಬ್ಬರೇ ಎಳೆಯಬೇಕು.

ಟೇಬಲ್: ಬಾರ್ಡರ್-ಕೊಲ್ಯಾಪ್ಸ್: ಸೆಪರೇಟ್; ಬಾರ್ಡರ್-ಸ್ಪೇಸಿಂಗ್: 0; ಬಾರ್ಡರ್: 0;
ಟಿಎಚ್, ಟಿಡಿ: ಬಾರ್ಡರ್: 0 ಸಾಲಿಡ್ #999; ಬಾರ್ಡರ್-ರೈಟ್-ವಿಡ್ತ್: 1 ಪಿಕ್ಸೆಲ್; ಬಾರ್ಡರ್-ಬಾಟಮ್-ವಿಡ್ತ್: 1 ಪಿಕ್ಸೆಲ್;
ಟಿಎಚ್: ಬಾರ್ಡರ್-ಟಾಪ್-ವಿಡ್ತ್: 1 ಪಿಕ್ಸೆಲ್;
ಪ್ರತಿ ಸಾಲಿನ ಮೊದಲ ಖಾನೆ: ಬಾರ್ಡರ್-ಲೆಫ್ಟ್-ವಿಡ್ತ್: 1 ಪಿಕ್ಸೆಲ್;

ಅಂದರೆ ಪ್ರತಿ ಖಾನೆ ತನ್ನ ಬಲಗಡೆಯದ್ದು, ಕೆಳಗಡೆಯದ್ದು ಮಾತ್ರ ಎಳೆಯುತ್ತದೆ. ಎಡಗಡೆಯದ್ದು ಪಕ್ಕದವನ ಕೆಲಸ. ಮೇಲಿನ ಅಂಚು ಟೇಬಲ್‌ಗೆ ಕೊಡದೆ ಟಿಎಚ್‌ಗೇ ಕೊಟ್ಟಿದ್ದೇನೆ, ಯಾಕೆ ಅಂದರೆ ಅಂಟಿ ನಿಲ್ಲುವುದು ಟಿಎಚ್. ಗೆರೆ ಅದರ ಮೈಮೇಲೇ ಇದ್ದರೆ ಜೊತೆಗೇ ನಿಲ್ಲುತ್ತದೆ. ಟಿಎಚ್‌ಗೆ ಹಿನ್ನೆಲೆ ಬಣ್ಣ ಮರೆಯಬೇಡಿ, ಇಲ್ಲದಿದ್ದರೆ ಕೆಳಗಿನ ಅಂಕಿಗಳು ಹೆಡಿಂಗ್ ಒಳಗೆ ಈಜುತ್ತವೆ.

ಟಿಆರ್‌ಗೆ ಬಾರ್ಡರ್ ಕೊಟ್ಟಿದ್ದರೆ ಅದು ಇನ್ನು ಕಾಣುವುದಿಲ್ಲ. ಸಾಲಿನ ಬಾರ್ಡರ್ ನಡೆಯುವುದು ಕೊಲ್ಯಾಪ್ಸ್‌ನಲ್ಲಿ ಮಾತ್ರ. ಅದನ್ನೂ ಟಿಡಿಗೆ ಇಳಿಸಿ.

ದುಂಡು ಮೂಲೆಗೆ ನಾಲ್ಕು ಮೂಲೆಯ ಖಾನೆಗಳಿಗೆ ಬೇರೆ ಬೇರೆಯಾಗಿ ರೇಡಿಯಸ್ ಕೊಡಿ. ಹೊರಗೆ ಒಂದು ಡಿವ್ ಸುತ್ತಿ ಓವರ್‌ಫ್ಲೋ: ಹಿಡನ್ (ಹೊರಗೆ ಚಾಚಿದ್ದು ಮರೆ) ಮಾಡುವ ಸುಲಭದ ದಾರಿಗೆ ಹೋಗಬೇಡಿ. ಆಗ ಹೆಡಿಂಗ್ ಆ ಡಿವ್ ಒಳಗೇ ಅಂಟಲು ನೋಡುತ್ತದೆ, ಪುಟ ಸರಿಸಿದಾಗ ನಿಲ್ಲುವುದಿಲ್ಲ. ಬೇಕೇ ಬೇಕು ಅಂದರೆ ಹಿಡನ್ ಬದಲು ಕ್ಲಿಪ್ ಕೊಡಿ.

ಆಳಂದನಾಕಾ (ಕಲಬುರಗಿ), 21:05

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಪುಟ ಕನ್ನಡದಲ್ಲೂ ಇದೆ, ಉರ್ದುವಿನಲ್ಲೂ ಇದೆ. ಉರ್ದು ಪುಟಕ್ಕೆ ಬಲದಿಂದ ಎಡಕ್ಕೆ ಅಂತ ದಿಕ್ಕು ಕೊಟ್ಟಾಗ ಮೊದಲ ಖಾನೆ ಬಲಕ್ಕೆ ಹೋಗುತ್ತದಲ್ಲ. ಆಗ ಈ ಲೆಫ್ಟ್ ರೈಟ್ ಲೆಕ್ಕ ಉಲ್ಟಾ ಆಗಲ್ವಾ?

ಬಿದ್ರಿಕುಸುರಿ, 21:14

ಒಳ್ಳೆ ಪ್ರಶ್ನೆ, ಬೀದರ್‌ನಲ್ಲಿ ನನಗೂ ಇದು ದಿನಾ ಬರುತ್ತದೆ. ಉಲ್ಟಾ ಆಗುತ್ತದೆ. ಲೆಫ್ಟ್ ಬದಲು ಬಾರ್ಡರ್-ಇನ್‌ಲೈನ್-ಸ್ಟಾರ್ಟ್, ರೈಟ್ ಬದಲು ಬಾರ್ಡರ್-ಇನ್‌ಲೈನ್-ಎಂಡ್ ಬಳಸಿ. ಬರವಣಿಗೆಯ ದಿಕ್ಕಿನ ಜೊತೆ ತಾವೇ ತಿರುಗುತ್ತವೆ. ಈಗಿನ ಎಲ್ಲ ಬ್ರೌಸರ್‌ಗಳಲ್ಲೂ ನಡೆಯುತ್ತವೆ. ತೊಗರಿಹೊಲ ಅವರೂ ಇದನ್ನೇ ಹಾಕಿದರೆ ಒಳ್ಳೇದು, ನಾಳೆ ಉರ್ದು ಪುಟ ಬೇಕು ಅಂದರೆ ಮತ್ತೆ ಬರೆಯುವುದು ತಪ್ಪುತ್ತದೆ.

ಹಳೇಗುಲ್ಬರ್ಗ, 21:40

ಜೂಮ್ ಬಗ್ಗೆ ಯಾರೂ ಹೇಳಲಿಲ್ಲ. 90ರ ಜೂಮ್‌ನಲ್ಲಿ ನಿಮ್ಮ 1 ಪಿಕ್ಸೆಲ್ ಗೆರೆ 0.9 ಆಗುತ್ತದೆ. ಪರದೆಗೆ ಮುಕ್ಕಾಲು ಚುಕ್ಕಿ, ಮುರಿದ ಚುಕ್ಕಿ ಅಂತ ಇಲ್ಲ. ಬ್ರೌಸರ್ ಒಂದಕ್ಕಿಂತ ಕಡಿಮೆ ಇದ್ದದ್ದನ್ನು ಒಂದು ಚುಕ್ಕಿಗೆ ಏರಿಸುತ್ತದೆ, ಒಂದಕ್ಕಿಂತ ಜಾಸ್ತಿ ಇದ್ದರೆ ಕೆಳಗಿನ ಪೂರ್ಣ ಸಂಖ್ಯೆಗೆ ಇಳಿಸುತ್ತದೆ. ವಿಂಡೋಸ್‌ನಲ್ಲಿ 125 ಸ್ಕೇಲ್ ಇದ್ದರೆ 1.25 ಆಗಬೇಕಾದದ್ದು 1 ಆಗುತ್ತದೆ. ಗೆರೆಯ ದಪ್ಪಕ್ಕೆ ಹೀಗೆ ಒಂದು ಲೆಕ್ಕ ಇದೆ. ಆದರೆ ಸಾಲಿನ ಎತ್ತರವೂ ಮುರಿದ ಸಂಖ್ಯೆ ಆಗುತ್ತದಲ್ಲ, ಗೆರೆ ಬೀಳುವ ಜಾಗವನ್ನು ಒಂದೊಂದು ಬ್ರೌಸರ್ ಒಂದೊಂದು ಕಡೆ ಸರಿಸಿಕೊಳ್ಳುತ್ತದೆ. ಕೊಲ್ಯಾಪ್ಸ್‌ನಲ್ಲಿ ಗೆರೆಯನ್ನೇ ಅರ್ಧ ಮಾಡಿ ಹಂಚುವುದರಿಂದ ಗೋಜಲು ಇನ್ನೂ ಜಾಸ್ತಿ.

ಕ್ರೋಮ್‌ನವರು 2021ರಲ್ಲಿ 91ನೇ ಆವೃತ್ತಿಗೆ ಟೇಬಲ್ ಹಾಕುವ ಯಂತ್ರವನ್ನೇ ಹೊಸದಾಗಿ ಬರೆದರು. ಪಿಕ್ಸೆಲ್‌ನ ಭಾಗಗಳ ಲೆಕ್ಕ ಟೇಬಲ್ ಒಳಗೂ ಬಂದದ್ದು ಆಗಲೇ. ಅದಕ್ಕೂ ಮುಂಚಿನ ಕ್ರೋಮ್ ಯಾರ ಹತ್ತಿರವಾದರೂ ಇದ್ದರೆ ಅವರ ಪರದೆ ಬೇರೆ ಥರ ಕಾಣಬಹುದು. ಅಪ್‌ಡೇಟ್ ಮಾಡಿಸಿ, ಅದರ ಹಿಂದೆ ಬೀಳಬೇಡಿ.

ತೆಳು ಕಾಣಲಿ ಅಂತ 0.5 ಪಿಕ್ಸೆಲ್ ಕೊಡುವ ಚಟ ಕೆಲವರಿಗಿದೆ. ಸಾದಾ ಪರದೆಯಲ್ಲಿ ಅದು 1 ಚುಕ್ಕಿಯೇ ಆಗುತ್ತದೆ. ಮೂರುಪಟ್ಟು ಸಾಂದ್ರತೆಯ ಫೋನ್‌ನಲ್ಲಿ 1 ಪಿಕ್ಸೆಲ್ ಅಂದರೆ 3 ಚುಕ್ಕಿ, 0.5 ಅಂದರೆ 1 ಚುಕ್ಕಿ. ಒಂದು ಕಡೆ ಎರಡೂ ಒಂದೇ, ಇನ್ನೊಂದು ಕಡೆ ಮೂರುಪಟ್ಟು ವ್ಯತ್ಯಾಸ.

ಕಾಕಾಗೆ ಜೂಮ್ 100 ಮಾಡಿಕೊಟ್ಟು ಅಕ್ಷರದ ಗಾತ್ರವನ್ನೇ ಸ್ವಲ್ಪ ಇಳಿಸಿ. ಅವರಿಗೆ ಬೇಕಾದದ್ದು ಎಲ್ಲ ಕಾಲಂ ಒಟ್ಟಿಗೆ ಕಾಣುವುದು ತಾನೇ, 90 ಅಲ್ಲ.

ತೊಗರಿಹೊಲ, ಭಾನುವಾರ ಬೆಳಿಗ್ಗೆ 9:30

ರಾತ್ರಿ ಕರೆಂಟ್ ಹೋಗಿತ್ತು, ಬೆಳಿಗ್ಗೆ ಎದ್ದು ಎಲ್ಲ ಹಾಕಿದೆ. ಹೆಡಿಂಗ್ ಗೆರೆ ಸಮೇತ ನಿಂತಿದೆ. ಕ್ರೋಮ್, ಫೈರ್‌ಫಾಕ್ಸ್ ಅಕ್ಕಪಕ್ಕ ಇಟ್ಟು ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ತಂಗಿಯ ಐಫೋನ್‌ನಲ್ಲೂ ಸರಿ ಇದೆ.

ಅಕ್ಷರ ಇಳಿಸುವಾಗ ಸಾಲುಗಳು ಒತ್ತಾಗಿ ಬರಲಿ ಅಂತ ಲೈನ್-ಹೈಟ್ (ಸಾಲಿನ ಎತ್ತರ) 1 ಮಾಡಿದೆ. ಈಗ ಅಂಗಡಿಯ ಕಂಪ್ಯೂಟರ್‌ನಲ್ಲಿ ಉದ್ದು ಅನ್ನುವುದರ ಒತ್ತು ಕೆಳಗಿನ ಗೆರೆಯ ಮೇಲೆ ಕೂತಿದೆ. ಮೊಬೈಲ್‌ನಲ್ಲಿ ಹಾಗಿಲ್ಲ. ಮತ್ತೆ ಗೆರೆಯ ತೊಂದರೆಯಾ?

ಸುರಪುರ ಝೆರಾಕ್ಸ್, 9:52

ಗೆರೆಯದ್ದಲ್ಲ, ಕನ್ನಡದ್ದು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಬೇಕು, ಇಂಗ್ಲಿಷ್ ಲೆಕ್ಕದ ಲೈನ್-ಹೈಟ್ 1 ಸಾಲುವುದಿಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ ಫಾಂಟ್ ಬರುತ್ತದೆ, ಆಂಡ್ರಾಯ್ಡ್‌ನಲ್ಲಿ ನೋಟೋ. ಒಂದೊಂದರ ಒತ್ತು ಒಂದೊಂದು ಆಳಕ್ಕೆ ಇಳಿಯುತ್ತದೆ. ಲೈನ್-ಹೈಟ್ 1.6 ಮಾಡಿ, ಖಾನೆಗೆ ಮೇಲೆ ಕೆಳಗೆ ಸ್ವಲ್ಪ ಪ್ಯಾಡಿಂಗ್ (ಅಕ್ಷರಕ್ಕೂ ಗೆರೆಗೂ ನಡುವಿನ ಖಾಲಿ ಜಾಗ) ಇಡಿ. ಎಲ್ಲ ಕಡೆ ಸಾಲಿನ ಎತ್ತರ ಒಂದೇ ಬೇಕಿದ್ದರೆ ನೋಟೋ ಸಾನ್ಸ್ ಕನ್ನಡವನ್ನು ವೆಬ್ ಫಾಂಟ್ ಆಗಿ ಜೋಡಿಸಿ. ಉದ್ದು ಪರವಾಗಿಲ್ಲ, ಮುಂದೆ ಯಾವತ್ತಾದರೂ ರಾಷ್ಟ್ರೀಯ ಅಂತ ಬರೆದಾಗ ನೋಡಿ ಮಜಾ.

ಮತ್ತೆ ಪಟ್ಟಿ ಎರಡನೇ ಪುಟಕ್ಕೆ ಹೋದರೆ ಹೆಡಿಂಗ್ ಅಲ್ಲೂ ಬರಬೇಕು. ಹೆಡಿಂಗ್ ಸಾಲನ್ನು ಟಿಹೆಡ್ (ಟೇಬಲ್‌ನ ತಲೆಭಾಗ) ಒಳಗೆ ಇಡಿ. ಟಿಆರ್‌ಗೆ ಬ್ರೇಕ್-ಇನ್‌ಸೈಡ್: ಅವಾಯ್ಡ್ ಕೊಡಿ, ಸಾಲು ನಡುವೆ ಕತ್ತರಿಸುವುದಿಲ್ಲ.

ತೊಗರಿಹೊಲ, 12:45

ಎಲ್ಲ ಮಾಡಿದೆ. ಪಟ್ಟಿ ಪ್ರಿಂಟ್ ತೆಗೆದೆ. ಕಪ್ಪು ಗೆರೆ, ನಾಲ್ಕೂ ಕಡೆ, ಒಂದೂ ಮುರಿದಿಲ್ಲ. ಒತ್ತು ಗೆರೆ ಮುಟ್ಟಿಲ್ಲ. ಹೆಮ್ಮೆಯಿಂದ ಕಾಕಾ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಒಂದು ನಿಮಿಷ ನೋಡಿದರು. ಗೆರೆಯ ಮಾತೇ ಎತ್ತಲಿಲ್ಲ. ತೂಕದ ಕಾಲಂ ಮೇಲೆ ಬೆರಳಿಟ್ಟು, ಇಲ್ಲಿ ಕ್ವಿಂಟಲ್ ಅಂತ ಇರಬೇಕಾದ್ದು ಕೆಜಿ ಅಂತ ಯಾಕಿದೆ ಅಂದರು.

ತಿದ್ದಲು ಕೂತಿದ್ದೇನೆ.